ಮೋಡದ ಎತ್ತರ ಇನ್ನೂರು

ಹವಾಮಾನ ಕಚೇರಿ, ಚೋರ್ನಿ ಮಿಸ್ ವಿಮಾನ ನಿಲ್ದಾಣ
9 ಮಾರ್ಚ್ 1974

ಪ್ರೀತಿಯ ಸೇನ್ಯಾ,

ದಿನಕ್ಕೆರಡು ಸಲ ನಿಮ್ಮ ಶಿಬಿರಕ್ಕೆ ರೇಡಿಯೋದಲ್ಲಿ ಮುನ್ಸೂಚನೆ ಕಳಿಸುತ್ತೇನೆ. ಅದರಲ್ಲಿ ಗಾಳಿಗೆ ಜಾಗವಿದೆ, ಮೋಡಕ್ಕೆ ಜಾಗವಿದೆ, ‘ಊಟ ಆಯ್ತಾ’ ಎಂದು ಕೇಳುವುದಕ್ಕೆ ಮಾತ್ರ ಜಾಗವಿಲ್ಲ. ಅದಕ್ಕೇ ಈ ಕಾಗದ. ವಿಮಾನ ಹೊರಟ ದಿನ ಇದೂ ಹೊರಡುತ್ತದೆ. ವಿಮಾನ ಹೊರಡಬಹುದು ಎಂದು ಸಹಿ ಹಾಕುವವಳೂ ನಾನೇ ಆದ್ದರಿಂದ, ಅಂಚೆ ತಡವಾಯಿತೆಂದು ಬೈಯಬೇಕಾದರೆ ನೀನು ಬೇರೆ ವಿಳಾಸ ಹುಡುಕಬೇಕಾಗಿಲ್ಲ.

ಒಂದು ವರ್ಷ ನೀನು ಕೂತು ನಕ್ಷೆ ಬಿಡಿಸಲು ಕಲಿತ ಕುರ್ಚಿಯ ಮೇಲೆ ಈಗ ಹೀಟರ್ ಇಟ್ಟಿದ್ದೇನೆ. ಅದು ನಿನ್ನಷ್ಟು ಮಾತಾಡುವುದಿಲ್ಲ, ಉಪಯೋಗಕ್ಕೆ ನಿನಗಿಂತ ಹೆಚ್ಚು ಬರುತ್ತದೆ. ಆದರೂ ಕೆಲವೊಮ್ಮೆ ಪಕ್ಕಕ್ಕೆ ತಿರುಗಿ, ‘ಸೇನ್ಯಾ, ಈ ಗೆರೆ ಸರಿಯೇನೋ’ ಎಂದು ಕೇಳಿಬಿಡುತ್ತೇನೆ.

ನಿಮ್ಮ ಅಡುಗೆಯವರ ಹೆಂಡತಿ ಪೆಲಗೇಯಾ ನಿನ್ನೆ ಬೇಕರಿ ಕೆಲಸ ಮುಗಿಸಿ ಬಂದು ಒಂದು ಚೀಲ ಈರುಳ್ಳಿ ಕೊಟ್ಟಳು. ‘ನಮ್ಮ ಯಜಮಾನರಿಗೆ ಬರೀರಿ ತಾಯಿ, ಇದು ಸೂಪಿಗೆ ಹಾಕೋ ಈರುಳ್ಳಿ, ವೋಡ್ಕಾ ಜೊತೆ ಕಚ್ಚೋದಕ್ಕಲ್ಲ ಅಂತ. ಆಮೇಲೆ ಹೊಟ್ಟೆನೋವು ಅಂತ ಸೋಡಾಪುಡಿ ಮುಕ್ಕೋದೂ ಬೇಡ’ ಎಂದಳು. ಬರೆದಿದ್ದೇನೆ. ನಿಕನೋರ್ ಲುಕಿಚ್‌ಗೆ ಓದಿ ಹೇಳು. ಅವರು ಕೇಳುವ ಪೈಕಿಯಲ್ಲ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು.

ಪಶ್ಚಿಮದಿಂದ ಒಂದು ತಗ್ಗು ಒತ್ತಡ ತೆವಳಿಕೊಂಡು ಬರುತ್ತಿದೆ. ಹನ್ನೆರಡನೇ ತಾರೀಖಿಗೆ ನಿಮ್ಮಲ್ಲಿ ಹಿಮಗಾಳಿ, ಹದಿನಾಲ್ಕಕ್ಕೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಪೈಲಟ್ ಗೊರ್ದೇಯ್‌ನ ವಿಮಾನ ಕಳಿಸುತ್ತೇನೆ.

ಇನ್ನೊಂದು ಮಾತು. ಮೋಡದ ಎತ್ತರ ಅಳೆಯುವಾಗ ಆತುರ ಮಾಡಬೇಡ. ಗೊರ್ದೇಯ್‌ಗೆ ಇಬ್ಬರು ಹೆಣ್ಣುಮಕ್ಕಳು. ಸುಮ್ಮನೆ ನೆನಪಾಯಿತು, ಬರೆದೆ.

ನಿನ್ನ
ಕಪಿತೋಲಿನಾ ಸವೇಲ್ಯೆವ್ನಾ

*

ಹಿಮಗುಮ್ಮಟ ಶಿಬಿರ
15 ಮಾರ್ಚ್ 1974

ಗೌರವಾನ್ವಿತ ಕಪಿತೋಲಿನಾ ಸವೇಲ್ಯೆವ್ನಾ ಅವರಿಗೆ,

ನಿನ್ನೆ ವಿಮಾನ ಬಂತು! ಎಂಜಿನ್ ನಿಲ್ಲಿಸಿದರೆ ಹೆಪ್ಪುಗಟ್ಟುತ್ತದೆಂದು ಗೊರ್ದೇಯ್ ಹದಿನೈದೇ ನಿಮಿಷ ನಿಂತದ್ದು, ಹಾಗಾಗಿ ಈ ಉತ್ತರ ಮುಂದಿನ ವಿಮಾನಕ್ಕೆ. ಈರುಳ್ಳಿ ತಲುಪಿತು. ನೀವು ಹೆಣೆದ ಕಾಲುಚೀಲವೂ ತಲುಪಿತು. ನಿಮ್ಮ ಕಾಗದವನ್ನು ಊಟದ ಹೊತ್ತಿಗೆ ಎಲ್ಲರೆದುರು ಗಟ್ಟಿಯಾಗಿ ಓದಿದೆ. ನಿಕನೋರ್ ಲುಕಿಚ್ ಕೆನ್ನೆ ಕೆಂಪಗೆ ಮಾಡಿಕೊಂಡು, ‘ನೋಡ್ರೋ, ಆರುನೂರು ಕಿಲೋಮೀಟರ್ ದೂರದಿಂದ್ಲೂ ಕಿವಿ ಹಿಂಡ್ತಾಳೆ ನನ್ನವಳು’ ಎಂದರು. ಆಮೇಲೆ ಒಂದು ಈರುಳ್ಳಿ ಕಚ್ಚಿ ತಿಂದರು.

ಇಲ್ಲಿ ನಾವು ಒಂಬತ್ತು ಜನ. ಉಳಿದ ಎಂಟು ಜನ ಹಿಮ ಕೊರೆಯುತ್ತಾರೆ, ಇಲ್ಲವೇ ಕೊರೆಯುವವರಿಗೆ ಅಡುಗೆ, ಔಷಧೋಪಚಾರ ಮಾಡುತ್ತಾರೆ. ನಾನೊಬ್ಬ ಆಕಾಶ ನೋಡಿಕೊಂಡು ಸಂಬಳ ತಿನ್ನುತ್ತೇನೆ ಎಂದು ಎಲ್ಲರಿಗೂ ಹೊಟ್ಟೆಯುರಿ. ನಮ್ಮ ಮುಖ್ಯಸ್ಥ ಬಾಲಾಶೊವ್ ನನ್ನನ್ನು ಸೇನ್ಯಾ ಎಂದೂ ಅಲ್ಲ, ಅರ್ಸೇನಿ ಎಂದೂ ಅಲ್ಲ, ‘ಮೋಡದ ಗುಮಾಸ್ತ’ ಎಂದು ಕರೆಯುತ್ತಾರೆ.

ಬಲೂನು ಬಿಡುವಾಗ ಮಾತ್ರ ನಿಕನೋರ್ ಲುಕಿಚ್ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬರುತ್ತಾರೆ. ನಿಮಗೆ ಗೊತ್ತಿರುವುದೇ, ಬಲೂನು ನಿಮಿಷಕ್ಕೆ ನೂರು ಮೀಟರ್ ಏರುತ್ತದೆ, ಮೋಡದೊಳಗೆ ಮರೆಯಾಗುವವರೆಗೆ ಸೆಕೆಂಡ್ ಎಣಿಸಬೇಕು. ನಾನು ‘ಹೋಯಿತು’ ಎಂದರೆ ಅವರು ಬಿಡುವುದಿಲ್ಲ. ‘ಎಲ್ಲಿ ಹೋಯ್ತು? ಇನ್ನೂ ಕಾಣ್ತಿದೆ ಕಣೋ! ಎಣಿಸು, ಎಣಿಸು. ನಾನು ಹುಟ್ಟಾ ಮೀನುಗಾರ, ನನ್ನ ಕಣ್ಣು ನಿನ್ನ ಹಾಗೆ ಪುಸ್ತಕದ ಕಣ್ಣಲ್ಲ’ ಎನ್ನುತ್ತಾರೆ. ಅವರ ಕಣ್ಣು ನಿಜಕ್ಕೂ ಚುರುಕು. ನಿನ್ನೆ ಹೀಗೆಯೇ ಇನ್ನೂರ ನಲವತ್ತು ಬಂತು. ಅಂಕಿಗಳು ಸರಿಯಾಗಿ ತಲುಪುತ್ತಿವೆ ಎಂದುಕೊಂಡಿದ್ದೇನೆ.

ಗೊರ್ದೇಯ್‌ಗೆ ಇಬ್ಬರು ಹೆಣ್ಣುಮಕ್ಕಳೆಂದು ಬರೆದಿದ್ದೀರಿ. ನನಗೇನಾದರೂ ಸಂಬಂಧ ನೋಡುತ್ತಿದ್ದೀರಾ? ದೊಡ್ಡವಳಿಗೆ ವಯಸ್ಸೆಷ್ಟು? ಅಡುಗೆ ಬರುತ್ತದೆಯೇ ಎಂದು ನಿಕನೋರ್ ಲುಕಿಚ್ ಕೇಳುತ್ತಿದ್ದಾರೆ.

ನಿಮ್ಮ
ಅರ್ಸೇನಿ

*

ಚೋರ್ನಿ ಮಿಸ್
21 ಮಾರ್ಚ್ 1974

ಸೇನ್ಯಾ,

ಈ ಕಾಗದವನ್ನು ಊಟದ ಮೇಜಿನಲ್ಲಿ ಓದಬೇಡ. ಒಬ್ಬನೇ ಕೂತು ಓದು.

ಫೆಬ್ರವರಿ ಇಪ್ಪತ್ತರಂದು ನೀನು ಮೋಡ ಇನ್ನೂರು ಮೀಟರಿನಲ್ಲಿದೆ ಎಂದು ಕಳಿಸಿದ್ದೆ. ನಿಮ್ಮ ಗುಮ್ಮಟದ ಮೇಲೆ ಇಳಿಯಬೇಕಾದರೆ ಕನಿಷ್ಠ ನೂರೈವತ್ತು ಬೇಕು, ನಿನಗೆ ಗೊತ್ತು. ಗೊರ್ದೇಯ್ ವಾಪಸು ಬಂದವನು ಟೋಪಿ ತೆಗೆಯದೆ ನನ್ನ ಮೇಜಿನ ಮುಂದೆ ನಿಂತ. ‘ಅಕ್ಕಾ, ಇನ್ನೂರು ಅಂದ್ರಿ. ನೂರ ಮೂವತ್ತಕ್ಕೆ ಇಳಿದ ಮೇಲೆ ನನಗೆ ನೆಲ ಕಂಡಿದ್ದು’ ಎಂದ. ಅಷ್ಟೇ ಹೇಳಿ ಹೋದ. ಅವನು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ನಾನು ನಿನ್ನ ಅಂಕಿಗಳನ್ನೂ ಪೈಲಟ್‌ಗಳು ಬಂದು ಹೇಳಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಪ್ರತಿ ಸಲವೂ ನಿನ್ನದು ಹೆಚ್ಚು, ಹೆಚ್ಚು ಕಡಿಮೆ ಅಷ್ಟೇ ಹೆಚ್ಚು. ಅವತ್ತಿನಿಂದ ನೀನು ಏನು ಕಳಿಸಿದರೂ ಅದರಲ್ಲಿ ಮೂರನೇ ಒಂದು ಪಾಲು ಕಳೆದು ಬರೆದುಕೊಳ್ಳುತ್ತೇನೆ. ಯಾರಿಗೂ ಹೇಳಿಲ್ಲ. ನಾನು ಕಲಿಸಿದ ಹುಡುಗ ಎಂದು ನನಗೇ ನಾಚಿಕೆಯಾಯಿತು.

ಯಾಕೆ ಹಾಗೆ ಮಾಡುತ್ತೀ ಎಂದು ಕೇಳುವುದಿಲ್ಲ. ಒಂಬತ್ತು ಜನ, ಬಿಳಿ ನೆಲ, ಬಿಳಿ ಆಕಾಶ, ವಿಮಾನ ಬಂದರೆ ಕಾಗದ, ಈರುಳ್ಳಿ, ಹೊಸ ಮುಖ. ನಾನೂ ಒಂದು ದ್ವೀಪದ ಠಾಣೆಯಲ್ಲಿ ಮೂರು ಚಳಿಗಾಲ ಕಳೆದವಳು. ಆಸೆಗೆ ಕಣ್ಣು ಉದ್ದವಾಗುತ್ತದೆ. ಆದರೆ ನಿನ್ನ ಆಸೆಯನ್ನು ಹೊತ್ತುಕೊಂಡು ಇಳಿಯುವವನು ಬೇರೆಯವನು. ಅದಕ್ಕೇ ಅವನ ಮಕ್ಕಳ ವಿಷಯ ಬರೆದಿದ್ದು.

ಇದನ್ನು ರೇಡಿಯೋದಲ್ಲಿ ಎತ್ತಬೇಡ. ಕರಾವಳಿಯ ಹನ್ನೊಂದು ಠಾಣೆಗಳು ಕಿವಿ ನೆಟ್ಟು ಕೂತಿರುತ್ತವೆ, ಒಂದು ಪದ ಬಿದ್ದರೂ ನಿನ್ನ ಕೆಲಸ ಹೋಗುತ್ತದೆ. ಕಾಗದದಲ್ಲಿ ಬರೆ. ‘ಇನ್ನು ಮೇಲೆ ಕಂಡದ್ದನ್ನೇ ಬರೆಯುತ್ತೇನೆ’ ಎಂದು ನಿನ್ನ ಕೈಬರಹದಲ್ಲಿ ಒಂದು ಸಾಲು ಸಾಕು. ಅದು ನನ್ನ ಕೈ ಸೇರಿದ ದಿನದಿಂದ ನಾನು ಕಳೆಯುವುದನ್ನು ಬಿಡುತ್ತೇನೆ. ಆಮೇಲೆ ಇಬ್ಬರೂ ಈ ವಿಷಯ ಮರೆಯೋಣ.

ಕಪಿತೋಲಿನಾ

*

ಹಿಮಗುಮ್ಮಟ ಶಿಬಿರ
25 ಮಾರ್ಚ್ 1974

ಕಪಿತೋಲಿನಾ ಸವೇಲ್ಯೆವ್ನಾ ಅವರಿಗೆ,

ನಿನ್ನೆಯ ವಿಮಾನದಲ್ಲಿ ನಿಮ್ಮ ಕಾಗದ ಬಂತು. ಅದೇ ವಿಮಾನದಲ್ಲಿ ನನ್ನ ಹಿಂದಿನ ಕಾಗದ ನಿಮ್ಮ ಕಡೆ ಹೊರಟಿತು. ಅದರಲ್ಲಿ ನಾನು ಗೊರ್ದೇಯ್‌ನ ಮಗಳ ಬಗ್ಗೆ ಹಲ್ಲು ಕಿರಿದಿದ್ದೇನೆ. ದಯವಿಟ್ಟು ಅದನ್ನು ಓದಬೇಡಿ, ಓದಿದ್ದರೆ ಹರಿದುಹಾಕಿ.

ಮೊದಲು ಸಿಟ್ಟು ಬಂತು, ನಿಜ ಹೇಳುತ್ತೇನೆ. ತಿಂಗಳಿಡೀ ನನ್ನ ಅಂಕಿಗಳನ್ನು ಕತ್ತರಿಸುತ್ತಾ, ಮೇಲೆ ಕಾಲುಚೀಲ ಹೆಣೆದು ಕಳಿಸುತ್ತಿದ್ದಿರಲ್ಲ ಎಂದು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ನನ್ನ ಸಿಟ್ಟೂ ಹಾಗೆಯೇ. ಸಂಜೆಯ ಹೊತ್ತಿಗೆ ಇಳಿಯಿತು. ನಾಚಿಕೆ ಉಳಿಯಿತು.

ನಿಕನೋರ್ ಲುಕಿಚ್‌ಗೆ ಮಾತ್ರ ಕಾಗದ ತೋರಿಸಿದೆ. ಎಣಿಕೆಯಲ್ಲಿ ಅವರೂ ಪಾಲುದಾರರು. ಅವರು ಸೌಟು ಕೆಳಗಿಟ್ಟರು. ‘ಅಲ್ವೋ, ಇಬ್ರು ಮಕ್ಕಳೇನೋ ಅವನಿಗೆ? ನಾನು ಈರುಳ್ಳಿ ಆಸೆಗೆ...’ ಎಂದರು. ಆಮೇಲೆ, ‘ಇನ್ಮೇಲೆ ನೀನೊಬ್ನೇ ಎಣಿಸು. ನಾನು ಹೊರಗೆ ಬರಲ್ಲ. ಬಂದ್ರೆ ಬಾಯಿ ಸುಮ್ನಿರಲ್ಲ’ ಎಂದರು. ಇವತ್ತು ಬೆಳಿಗ್ಗೆ ಒಬ್ಬನೇ ನಿಂತು ಎಣಿಸಿದೆ. ಕಂಡಷ್ಟೇ ಎಣಿಸಿದೆ. ನೂರ ಎಂಬತ್ತು ಬಂತು, ನೂರ ಎಂಬತ್ತೇ ಕಳಿಸಿದೆ.

ನೀವು ಕೇಳಿದ ಸಾಲು ಇಲ್ಲಿದೆ: ಇನ್ನು ಮೇಲೆ ಕಂಡದ್ದನ್ನೇ ಬರೆಯುತ್ತೇನೆ.

ಕಾಗದವನ್ನು ಅಂಚೆ ಚೀಲಕ್ಕೆ ಹಾಕುತ್ತಿದ್ದೇನೆ. ಮುಂದಿನ ವಿಮಾನಕ್ಕೆ ಬರುತ್ತದೆ.

ಅರ್ಸೇನಿ

*

ಚೋರ್ನಿ ಮಿಸ್
3 ಏಪ್ರಿಲ್ 1974

ಸೇನ್ಯಾ,

ಈ ಕಾಗದ ನಿನ್ನ ಕೈಗೆ ಯಾವತ್ತು ಸೇರುತ್ತದೋ ಗೊತ್ತಿಲ್ಲ. ಎದೆಯಲ್ಲಿ ಇಟ್ಟುಕೊಳ್ಳಲಾರದೆ ಬರೆಯುತ್ತಿದ್ದೇನೆ.

ನಿನ್ನೆ ಬಾಲಾಶೊವ್ ಅವರ ರೇಡಿಯೋ ಸಂದೇಶ ಬಂತು: ನಿಕನೋರ್ ಲುಕಿಚ್‌ಗೆ ಎರಡು ದಿನದಿಂದ ಹೊಟ್ಟೆಯ ಬಲಗಡೆ ನೋವು, ಜ್ವರ, ಕಂಪೌಂಡರ್ ಅಪೆಂಡಿಕ್ಸ್ ಎನ್ನುತ್ತಾನೆ, ತುರ್ತಾಗಿ ವಿಮಾನ ಬೇಕು. ಡಾಕ್ಟರ್ ಚೀಲ ಕಟ್ಟಿಕೊಂಡು ಕೆಳಗೆ ಕೂತಿದ್ದಾರೆ. ಗೊರ್ದೇಯ್ ಬೂಟು ಬಿಚ್ಚಿಲ್ಲ. ಎಲ್ಲರೂ ನನ್ನ ಸಹಿಗೆ ಕಾಯುತ್ತಿದ್ದಾರೆ.

ಇವತ್ತು ಬೆಳಿಗ್ಗೆ ನಿನ್ನಿಂದ ಇನ್ನೂರು ಬಂತು. ಕೊನೆಯಲ್ಲಿ ನೀನು ‘ಎತ್ತರ ಸರಿಯಾಗಿದೆ, ನಂಬಿ’ ಎಂದು ಸೇರಿಸಿದ್ದೆ. ಕಳೆದರೆ ನೂರ ಮೂವತ್ತಮೂರು. ನೂರ ಮೂವತ್ತಮೂರಕ್ಕೆ ನಾನು ಹೇಗೆ ಸಹಿ ಹಾಕಲಿ?

ವಾರದಿಂದ ನಿನ್ನ ಅಂಕಿಗಳೇ ತಗ್ಗಿವೆ. ನೂರ ಎಂಬತ್ತು, ಇನ್ನೂರ ಹತ್ತು, ಇನ್ನೂರು. ಕಳೆದರೆ ಒಂದೂ ನೂರೈವತ್ತು ಮುಟ್ಟುವುದಿಲ್ಲ. ವಸಂತದ ತಗ್ಗು ಮೋಡ ಈ ವರ್ಷ ಬೇಗ ಕೂತಿದೆ ಎಂದು ದಿನಚರಿಯಲ್ಲಿ ಬರೆದೆ. ಅದಕ್ಕೇ ಇಪ್ಪತ್ನಾಲ್ಕರ ನಂತರ ಒಂದು ವಿಮಾನವನ್ನೂ ಬಿಟ್ಟಿಲ್ಲ. ನಿನ್ನ ಹದಿನೈದರ ಕಾಗದ ಬಂತು. ಗೊರ್ದೇಯ್‌ನ ದೊಡ್ಡ ಮಗಳಿಗೆ ಒಂಬತ್ತು ವರ್ಷ. ನಗು ಬರಬೇಕಿತ್ತು, ಬರಲಿಲ್ಲ. ನನ್ನ ಕಾಗದಕ್ಕೆ ನಿನ್ನ ಉತ್ತರ ಇನ್ನೂ ಬಂದಿಲ್ಲ. ಸಿಟ್ಟಾಗಿದ್ದೀಯೋ ಏನೋ.

‘ನಂಬಿ’ ಎಂದು ನೀನು ಬರೆದ ಒಂದು ಪದ ನನ್ನನ್ನು ಇನ್ನಷ್ಟು ಹೆದರಿಸಿತು. ನಮ್ಮ ಕಚೇರಿಯಲ್ಲಿ ಹಳಬರ ಒಂದು ಮಾತಿದೆ: ರೋಗಿ ಇರುವ ಕಡೆಯಿಂದ ಬರುವ ಹವಾಮಾನ ಯಾವಾಗಲೂ ಚೆನ್ನಾಗಿರುತ್ತದೆ. ನಿನಗೆ ಇದನ್ನು ಹೇಳಿರಲಿಲ್ಲ. ಹದಿನಾರು ವರ್ಷದ ಹಿಂದೆ ಬೇರೊಂದು ದ್ವೀಪದಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಯಿತು. ಮೋಡ ಮುನ್ನೂರು ಎಂದರು. ನಂಬಿದೆ, ಸಹಿ ಹಾಕಿದೆ. ಮೋಡ ನೆಲಕ್ಕೇ ತಾಗಿತ್ತು. ವಿಮಾನದಲ್ಲಿ ನಾಲ್ಕು ಜನ ಇದ್ದರು. ಡಾಕ್ಟರ್ ಹುಡುಗಿಗೆ ಇಪ್ಪತ್ನಾಲ್ಕು. ಹೊರಡುವ ಮುಂಚೆ ನನ್ನ ಹತ್ತಿರ ಕೈಗವಸು ಇಸಕೊಂಡು ಹೋಗಿದ್ದಳು.

ಮಧ್ಯಾಹ್ನ ಪೆಲಗೇಯಾ ನನ್ನ ಕಿಟಕಿಯ ಹತ್ತಿರ ಬಂದಳು. ಏಪ್ರನ್ ತುಂಬಾ ಹಿಟ್ಟು, ಬೇಕರಿಯಿಂದ ಹಾಗೇ ಓಡಿ ಬಂದಿದ್ದಳು. ‘ಇವತ್ತಾದ್ರೂ ಬಿಡ್ತದಾ ತಾಯಿ?’ ಎಂದಳು.

‘ಇಲ್ಲ ಪೆಲಗೇಯಾ. ಅಲ್ಲಿ ಹವಾಮಾನ ಸರಿಯಿಲ್ಲ’ ಎಂದೆ.

‘ನೀವು ಹೇಳಿದ ಮೇಲೆ ಮುಗೀತು ಬಿಡಿ. ನಿಮಗಿಂತ ಇನ್ಯಾರಿಗೆ ಗೊತ್ತಿರ್ತದೆ’ ಎಂದು ಹೋದಳು.

ನನ್ನ ನಕ್ಷೆಯ ಪ್ರಕಾರ ಐದನೇ ತಾರೀಖಿಗೆ ಒತ್ತಡ ಏರುತ್ತದೆ, ಮೋಡ ಎದ್ದೇಳುತ್ತದೆ. ಎರಡು ದಿನ. ಅವರನ್ನು ಎರಡು ದಿನ ಹಿಡಿದಿಟ್ಟುಕೊ ಸೇನ್ಯಾ. ಹೊಟ್ಟೆಯ ಮೇಲೆ ಬಿಸಿ ಇಡಬೇಡಿ, ಹಿಮ ಇಡಿ ಎಂದು ಡಾಕ್ಟರ್ ಹೇಳುತ್ತಿದ್ದಾರೆ, ರೇಡಿಯೋದಲ್ಲೂ ಹೇಳಿಸಿದ್ದೇನೆ.

ಕಪಿತೋಲಿನಾ

*

ಹಿಮಗುಮ್ಮಟ ಶಿಬಿರ
4 ಏಪ್ರಿಲ್ 1974

ಕಪಿತೋಲಿನಾ ಸವೇಲ್ಯೆವ್ನಾ ಅವರಿಗೆ,

ಇವತ್ತೂ ವಿಮಾನ ಇಲ್ಲವೆಂದು ಈಗ ರೇಡಿಯೋ ಬಂತು. ಯಾಕೆ? ಬೆಳಿಗ್ಗೆ ಬಲೂನನ್ನು ಎರಡು ಸಲ ಬಿಟ್ಟೆ. ಎರಡು ಸಲವೂ ಪೂರ್ತಿ ಎರಡು ನಿಮಿಷ ಕಂಡಿತು. ಇನ್ನೂರು ಮೀಟರ್, ಗಾಳಿ ಸೆಕೆಂಡಿಗೆ ಬರೀ ನಾಲ್ಕು ಮೀಟರ್, ಹತ್ತು ಕಿಲೋಮೀಟರ್ ದೂರದ ಕೊರೆಯುವ ಗೋಪುರವೂ ಕಾಣುತ್ತಿದೆ. ನಿಮ್ಮ ಕಡೆ ಏನಾದರೂ ತೊಂದರೆಯೇ? ವಿಮಾನ ಕೆಟ್ಟಿದೆಯೇ? ‘ಹವಾಮಾನದ ಕಾರಣ’ ಎಂದಷ್ಟೇ ಬರುತ್ತದೆ. ಹವಾಮಾನ ನನ್ನ ತಲೆಯ ಮೇಲೇ ಇದೆ, ಚೆನ್ನಾಗಿಯೇ ಇದೆ.

ನಿಕನೋರ್ ಲುಕಿಚ್ ಅವರನ್ನು ಅಡುಗೆಮನೆಯಲ್ಲೇ ಒಲೆಯ ಪಕ್ಕ ಮಲಗಿಸಿದ್ದೇವೆ. ಅವರು ಮೊದಲ ದಿನ ಹೇಳಲೇ ಇಲ್ಲ, ಸೋಡಾಪುಡಿ ನುಂಗಿ ಸೂಪು ಮಾಡಿದರು. ಈಗ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದಾರೆ. ಕಂಪೌಂಡರ್ ಪೆನ್ಸಿಲಿನ್ ಕೊಡುತ್ತಿದ್ದಾನೆ, ಚಾಕು ಹಿಡಿಯಲು ಅವನಿಗೆ ಧೈರ್ಯವಿಲ್ಲ. ಅವನದೂ ತಪ್ಪಲ್ಲ.

ಬಾಲಾಶೊವ್ ಮಧ್ಯಾಹ್ನ ನನ್ನ ಕುತ್ತಿಗೆಪಟ್ಟಿ ಹಿಡಿದರು. ‘ಮುನ್ನೂರು ಹಾಕೋ! ನಾನೂರು ಹಾಕು! ನಿನ್ನ ಅಪ್ಪನ ಮನೆ ಗಂಟೇನು ಹೋಗ್ತದಾ?’

‘ಇನ್ನೂರೇ ಸಾಕು ಸಾರ್, ಇಳಿಯೋಕೆ ನೂರೈವತ್ತು ಸಾಕು’ ಎಂದೆ.

‘ಸಾಕಾಗಿದ್ರೆ ವಿಮಾನ ಎಲ್ಲಪ್ಪಾ?’

ಒಲೆಯ ಹತ್ತಿರದಿಂದ ನಿಕನೋರ್ ಲುಕಿಚ್ ಮಾತಾಡಿದರು. ‘ಬಿಡ್ರಿ ಅವನನ್ನ. ಹುಡುಗ ಮಾತು ಕೊಟ್ಟಿದಾನೆ. ಗೊರ್ದೇಯ್ ಮಕ್ಕಳು ನನ್ನಿಂದ ತಬ್ಬಲಿ ಆಗೋದು ಬೇಡ. ನಿಜವಾಗ್ಲೂ ಚೆನ್ನಾಗಿದ್ರೆ ಅಲ್ಲಿರೋ ಆಯಮ್ಮ ಕಳಿಸದೇ ಇರ್ತಾರಾ?’

ಅವರು ನಿಮ್ಮನ್ನು ಅಷ್ಟು ನಂಬಿದ್ದಾರೆ. ನಾನೂ ನಂಬಿದ್ದೇನೆ. ನಾಳೆ ಕಳಿಸಿ.

5 ಏಪ್ರಿಲ್, ಬೆಳಿಗ್ಗೆ ಒಂಬತ್ತೂವರೆ

ಈ ಕಾಗದವನ್ನು ಚೀಲಕ್ಕೆ ಹಾಕಲು ಹೋದೆ. ಚೀಲದ ತಳದಲ್ಲಿ ನನ್ನ ಇಪ್ಪತ್ತೈದನೇ ತಾರೀಖಿನ ಕಾಗದ ಬಿದ್ದಿತ್ತು.

ಅಲ್ಲೇ ಕೂತುಬಿಟ್ಟೆ. ನಿಮ್ಮ ಕಾಗದವನ್ನು ತೆಗೆದು ಮತ್ತೆ ಓದಿದೆ. ‘ಅದು ನನ್ನ ಕೈ ಸೇರಿದ ದಿನದಿಂದ.’ ನಾಚಿಕೆಯಲ್ಲಿ ಮುಳುಗಿದ್ದ ನಾನು ಆ ಸಾಲನ್ನು ಸರಿಯಾಗಿ ಓದಿರಲೇ ಇಲ್ಲ. ನಾನು ಬರೆದೆನಲ್ಲ, ಮುಗಿಯಿತು ಎಂದುಕೊಂಡಿದ್ದೆ. ನೀವು ಇನ್ನೂ ಕಳೆಯುತ್ತಿದ್ದೀರಿ. ಹನ್ನೊಂದು ದಿನದಿಂದ ನಾನು ನಿಜ ಕಳಿಸುತ್ತಿದ್ದೇನೆ, ನೀವು ಅದರಲ್ಲಿ ಮೂರನೇ ಒಂದು ಪಾಲು ಕಳೆಯುತ್ತಿದ್ದೀರಿ.

ಒಂಬತ್ತು ಗಂಟೆಯ ಎತ್ತರ ಮತ್ತೆ ಇನ್ನೂರೇ ಇತ್ತು. ಮುನ್ನೂರು ಎಂದು ಕಳಿಸಿದೆ. ನೀವು ಇನ್ನೂರು ಎಂದು ಓದಲಿ ಎಂದು. ಮಾತು ಮುರಿದೆ, ಕ್ಷಮಿಸಿ. ಬೇರೆ ದಾರಿ ಕಾಣಲಿಲ್ಲ.

ಹನ್ನೊಂದು ಗಂಟೆ. ವಿಮಾನ ಹೊರಟಿತೆಂದು ರೇಡಿಯೋ ಬಂತು. ನಿಕನೋರ್ ಲುಕಿಚ್ ಕಿವಿಯಲ್ಲಿ ಹೇಳಿದೆ. ನೋವು ನಿಂತಿದೆ ಎನ್ನುತ್ತಾರೆ. ಅಪೆಂಡಿಕ್ಸ್ ಒಡೆದಿರಬೇಕು ಎನ್ನುವ ಕಂಪೌಂಡರ್ ಮುಖ ಮಾತ್ರ ಬಿಳುಚಿಕೊಂಡಿದೆ.

ಹನ್ನೆರಡು ಹತ್ತಕ್ಕೆ ಹೋದರು. ವಿಮಾನದ ಸದ್ದು ಇನ್ನೂ ಇಲ್ಲ. ಚೀಲ ಕಟ್ಟುತ್ತಿದ್ದೇನೆ.

*

ಚೋರ್ನಿ ಮಿಸ್
6 ಏಪ್ರಿಲ್ 1974

ಸೇನ್ಯಾ,

ನಿನ್ನೆ ಮುನ್ನೂರು ಬಂತು. ಮೂರನೇ ಒಂದು ಪಾಲು ಕಳೆದೆ. ಇನ್ನೂರು ಉಳಿಯಿತು, ನಕ್ಷೆಯೂ ಐದಕ್ಕೆ ಮೋಡ ಏಳುತ್ತದೆ ಎಂದಿತ್ತು, ಸಹಿ ಹಾಕಿದೆ. ನನ್ನ ಮುನ್ಸೂಚನೆ ಸರಿಹೋಯಿತೆಂದು ಸಮಾಧಾನವೂ ಆಯಿತು. ಆ ಸಮಾಧಾನ ನೆನಪಾದರೆ ಈಗ ಮೈ ಉರಿಯುತ್ತದೆ.

ಗೊರ್ದೇಯ್ ಇಳಿದು ಬಂದು, ‘ಅಕ್ಕಾ, ಮುನ್ನೂರಿರಲಿಲ್ಲ. ಇನ್ನೂರು, ಸರಿಯಾಗಿ ಇನ್ನೂರು’ ಎಂದ. ಮತ್ತೆ ಸುಳ್ಳು ಬರೆದ ಎಂದುಕೊಂಡು ನಿನ್ನ ಮೇಲೆ ಸಿಟ್ಟು ಮಾಡಿಕೊಂಡೇ ಅಂಚೆ ಚೀಲ ಬಿಚ್ಚಿದೆ. ನಿನ್ನ ಎರಡು ಕಾಗದಗಳೂ ಒಟ್ಟಿಗೆ ಸಿಕ್ಕವು. ಇಪ್ಪತ್ತೈದರದನ್ನು ಮೊದಲು ಓದಿದೆ.

ನಿನ್ನ ಉತ್ತರ ತರಬೇಕಾಗಿದ್ದ ವಿಮಾನವನ್ನು ನಿಲ್ಲಿಸಿದವಳು ನಾನೇ. ಉತ್ತರ ಬರಲಿಲ್ಲವೆಂದು ನಿನ್ನನ್ನು ನಂಬದವಳೂ ನಾನೇ. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲ. ಇಪ್ಪತ್ತಾರು ವರ್ಷ ಸರ್ವೀಸು.

ಇನ್ನು ಬರೆಯಲಾರೆ.

ಕ.

*

ಹಿಮಗುಮ್ಮಟ ಶಿಬಿರ
8 ಏಪ್ರಿಲ್ 1974

ಕಪಿತೋಲಿನಾ ಸವೇಲ್ಯೆವ್ನಾ,

ನಿಕನೋರ್ ಲುಕಿಚ್ ಅವರನ್ನು ಗುಡಾರದ ಬಟ್ಟೆಯಲ್ಲಿ ಸುತ್ತಿ ವಿಮಾನಕ್ಕೆ ಏರಿಸಿದ ಮೇಲೆ ಗೊರ್ದೇಯ್ ನಿಮ್ಮ ಮೂರನೇ ತಾರೀಖಿನ ಕಾಗದ ಕೊಟ್ಟ. ಹಿಮ ಇಡಿ ಎಂದು ಬರೆದಿದ್ದೀರಿ.

ಆ ನಾಲ್ಕು ಜನರ ವಿಷಯ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಒಂದು ವರ್ಷ ನಿಮ್ಮ ಪಕ್ಕ ಕೂತಿದ್ದೆ. ಹೇಳಿದ್ದರೆ ನಾನು ಯಾವತ್ತೂ ಒಂದು ಸೆಕೆಂಡ್ ಹೆಚ್ಚು ಎಣಿಸುತ್ತಿರಲಿಲ್ಲವೇನೋ. ಎಣಿಸುತ್ತಿದ್ದೆನೋ ಏನೋ. ಈಗ ಹೇಗೆ ಹೇಳಲಿ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತದೆ. ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಫೆಬ್ರವರಿಯಲ್ಲಿ ನಾನು ಸುಳ್ಳು ಹೇಳದಿದ್ದರೆ ಏಪ್ರಿಲ್‌ನಲ್ಲಿ ನೀವು ನನ್ನ ನಿಜವನ್ನು ನಂಬುತ್ತಿದ್ದಿರಿ.

ಇಲ್ಲಿ ಯಾರಿಗೂ ಅದೆಲ್ಲ ಬೇಕಾಗಿಲ್ಲ. ಅವರಿಗೆ ಕಂಡದ್ದು ಇಷ್ಟು: ನಿಜ ಕಳಿಸಿದ ದಿನಗಳಲ್ಲಿ ವಿಮಾನ ಬರಲಿಲ್ಲ, ಸುಳ್ಳು ಕಳಿಸಿದ ದಿನ ಬಂತು. ‘ಮೊದಲ ದಿನವೇ ಹಾಕು ಅಂದ್ನಲ್ಲೋ’ ಎಂದು ಬಾಲಾಶೊವ್ ಹೇಳಿದರು, ಬೈಯಲಿಲ್ಲ, ಮೆಲ್ಲಗೆ ಹೇಳಿದರು. ಈಗ ಪಾಳಿಯ ಮೇಲೆ ಅಡುಗೆ ಮಾಡುತ್ತೇವೆ. ನನ್ನ ಪಾಳಿಯ ದಿನ ಯಾರೂ ಮಾತಾಡದೆ ಉಣ್ಣುತ್ತಾರೆ.

ಒಂದು ಕೇಳಬೇಕು. ಪೆಲಗೇಯಾ ಅವರಿಗೆ ಏನು ಹೇಳಿದ್ದೀರಿ?

ಅರ್ಸೇನಿ

*

ಚೋರ್ನಿ ಮಿಸ್
14 ಏಪ್ರಿಲ್ 1974

ಸೇನ್ಯಾ,

ನಿನ್ನ ಎಂಟರ ಕಾಗದ ಹತ್ತಕ್ಕೆ ಬಂತು. ಕೊನೆಯ ಸಾಲಿಗೆ ಉತ್ತರ ಬರೆಯಲು ನಾಲ್ಕು ದಿನ ಬೇಕಾಯಿತು.

ಹನ್ನೊಂದರಂದು ವಿಚಾರಣೆಗೆ ಮೂವರು ಬಂದರು. ರೇಡಿಯೋ ದಾಖಲೆ ನೋಡಿದರು, ಗೊರ್ದೇಯ್‌ನನ್ನು ಕೇಳಿದರು. ಮುನ್ನೂರು ಎಂದು ನೀನು ಕಳಿಸಿದ್ದು, ಇನ್ನೂರು ಎಂದು ಅವನು ಕಂಡದ್ದು. ಸಾಕ್ಷಿ ಸಿಕ್ಕಿತು. ಎರಡು ಗಂಟೆಯಲ್ಲಿ ವರದಿ ಸಿದ್ಧವಾಯಿತು: ಸಾವಿಗೆ ಕಾರಣ ಹವಾಮಾನ ವೈಪರೀತ್ಯ, ವೀಕ್ಷಕ ಅರ್ಸೇನಿ ಅಂಕಿ ತಿದ್ದಿದ್ದಾನೆ, ಕೆಲಸದಿಂದ ತೆಗೆಯತಕ್ಕದ್ದು, ಮುನ್ಸೂಚಕಿ ಎಚ್ಚರ ವಹಿಸಿದ್ದಕ್ಕೆ ಮೆಚ್ಚುಗೆ.

ನಾನು ಕೈಚೀಲದಿಂದ ನಿನ್ನ ಇಪ್ಪತ್ತೈದರ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ವಿಚಾರಣೆಯ ಅಧ್ಯಕ್ಷರು ಓದಿದರು, ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ‘ಕಪಿತೋಲಿನಾ ಸವೇಲ್ಯೆವ್ನಾ, ಇದನ್ನ ಫೈಲಿಗೆ ಹಾಕಿದ್ರೆ ಇಬ್ಬರೂ ಹೋಗ್ತೀರಿ. ಅವನು ಹಿಂದೆ ಸುಳ್ಳು ಬರೆದಿದ್ದು, ನೀವು ಅಧಿಕೃತ ಅಂಕಿ ಕದ್ದು ತಿದ್ದಿದ್ದು, ಎರಡೂ ಹೊರಗೆ ಬರ್ತದೆ. ಹೋದವರಂತೂ ವಾಪಸ್ ಬರಲ್ಲ. ಹವಾಮಾನ ಅಂತ ಇದ್ರೆ ಆ ಸಾವು ಯಾರ ಮೇಲೂ ಬರಲ್ಲ. ನಿಮ್ಮ ಪಿಂಚಣಿಗೆ ಇನ್ನೆಷ್ಟು ದಿನ?’ ಎಂದರು. ಹದಿನಾಲ್ಕು ತಿಂಗಳು ಎಂದೆ. ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು.

ನಾನು ತೆಗೆದುಕೊಂಡೆ. ಅದನ್ನು ನಿನಗೆ ಹೇಳಲೇಬೇಕು. ತೆಗೆದುಕೊಂಡು ಕೈಚೀಲದೊಳಗೆ ಇಟ್ಟುಕೊಂಡೆ, ಮನೆಗೆ ಹೋದೆ, ಚಹಾ ಮಾಡಿಕೊಂಡು ಕುಡಿದೆ.

ನಿನ್ನೆ ನಿಕನೋರ್ ಲುಕಿಚ್ ತೀರಿಕೊಂಡ ಒಂಬತ್ತನೆಯ ದಿನದ ಊಟ. ಪೆಲಗೇಯಾ ಕರೆದಿದ್ದಳು. ಹೋಗದಿರಲು ನೂರು ನೆವ ಹುಡುಕಿದೆ, ಒಂದೂ ನಿಲ್ಲಲಿಲ್ಲ. ಅವಳ ಸಣ್ಣ ಮನೆಯಲ್ಲಿ ಹದಿನೈದು ಜನ ಒತ್ತಾಗಿ ಕೂತಿದ್ದರು. ಜೇನು ಬೆರೆಸಿದ ಗೋಧಿ, ಹೆಂಚಿನ ಮೇಲೆ ತೆಳ್ಳಗೆ ಹುಯ್ದ ಬ್ಲಿನಿ, ಮೀನು. ನಿಕನೋರ್ ಲುಕಿಚ್ ಕೂರುತ್ತಿದ್ದ ಕಡೆ ಅವರ ಪಾಲಿನ ಲೋಟ, ಅದರ ಮೇಲೆ ಒಂದು ತುಂಡು ಬ್ರೆಡ್. ಪೆಲಗೇಯಾ ಎಲ್ಲರಿಗೂ ಬಡಿಸುತ್ತಾ ಓಡಾಡುತ್ತಿದ್ದಳು. ನನ್ನನ್ನು ಬಾಗಿಲಲ್ಲಿ ಕಂಡು ಒಳಗೆ ಕರೆದುಕೊಂಡು ಹೋಗಿ ತನ್ನ ಪಕ್ಕದಲ್ಲೇ ಕೂರಿಸಿದಳು. ‘ಇವರು ನಮಗೋಸ್ಕರ ಮೂರು ದಿನ ಕಿಟಕಿ ಬಿಟ್ಟು ಏಳ್ಲಿಲ್ಲ. ಊಟಾನೂ ಮಾಡ್ಲಿಲ್ಲ. ನಾನೇ ಕಂಡಿದೀನಿ’ ಎಂದು ಎಲ್ಲರಿಗೂ ಹೇಳಿದಳು.

ನನ್ನ ತಟ್ಟೆಗೆ ಬ್ಲಿನಿ ಹಾಕಿದಳು. ಯಾರೋ ಮುದುಕರು, ‘ಏನ್ಮಾಡೋದಮ್ಮ, ಆಕಾಶದ ಮುಂದೆ ಯಾರ ಆಟ ನಡೀತದೆ’ ಎಂದರು. ಪೆಲಗೇಯಾ ತಲೆಯಾಡಿಸಿದಳು. ‘ಅದೇ ಒಂದು ಸಮಾಧಾನ. ಯಾರನ್ನೂ ಶಪಿಸೋ ಹಾಗಿಲ್ಲ. ಇನ್ಯಾರೋ ಮನುಷ್ಯರು ಮಾಡಿದ್ದಾಗಿದ್ರೆ ನಾನು ಬದುಕೋಕಾಗ್ತಿರಲಿಲ್ಲ’ ಎಂದಳು.

ಆ ಸಮಾಧಾನವನ್ನು ಅವಳಿಗೆ ಬಿಟ್ಟುಬಿಡಬಹುದಿತ್ತು. ಬಿಡುವುದೇ ದಯೆ ಎಂದು ಒಂದು ಗಳಿಗೆ ಅನ್ನಿಸಿತು ಸೇನ್ಯಾ, ಸುಳ್ಳು ಹೇಳುವುದಿಲ್ಲ. ಆದರೆ ಅದು ಅವಳ ಮೇಲಿನ ದಯೆಯಲ್ಲ, ನನ್ನ ಮೇಲಿನದು. ಅದೂ ಅಲ್ಲದೆ, ಆ ಸಮಾಧಾನದ ಕೆಳಗೆ ನೀನೊಬ್ಬ ಸಿಕ್ಕಿಕೊಂಡಿದ್ದೆ. ನಿಜ ಹೇಳಿ ಕೆಲಸ ಕಳೆದುಕೊಳ್ಳುವವನು ನೀನು, ಮೆಚ್ಚುಗೆ ಪಡೆಯುವವಳು ನಾನು.

ಇವತ್ತು ಬೆಳಿಗ್ಗೆ ನಿನ್ನ ಕಾಗದವನ್ನೂ, ನಾನು ಕಳೆದು ಬರೆದುಕೊಂಡ ಪುಸ್ತಕವನ್ನೂ ಅಧ್ಯಕ್ಷರಿಗೆ ಕೊಟ್ಟು ರಸೀದಿ ತೆಗೆದುಕೊಂಡಿದ್ದೇನೆ. ಇನ್ನು ಹಿಂದಿರುಗಿಸಲಾಗದು. ನಾಳೆಯಿಂದ ನನ್ನ ಕಿಟಕಿಯಲ್ಲಿ ಬೇರೆಯವರು ಕೂರುತ್ತಾರೆ. ನಿನ್ನ ಕೆಲಸ ಉಳಿಯುತ್ತದೆಂದು ನಾನು ಮಾತು ಕೊಡಲಾರೆ. ನಿನ್ನ ಇನ್ನೂರು ಇನ್ನೂರೇ ಆಗಿತ್ತು ಎಂದು ಮಾತ್ರ ದಾಖಲೆಯಲ್ಲಿ ಇರುತ್ತದೆ.

ನಿನ್ನೆ ಏನಾಯಿತೆಂದು ಹೇಳುತ್ತೇನೆ. ಎಲ್ಲರೂ ಹೋಗುವವರೆಗೆ ಕಾದೆ. ಪೆಲಗೇಯಾ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ‘ಪೆಲಗೇಯಾ, ಅಲ್ಲಿ ಹವಾಮಾನ ಚೆನ್ನಾಗಿತ್ತು’ ಎಂದೆ.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ‘ಐದನೇ ತಾರೀಖಾ? ಹೌದು, ಅವತ್ತು ವಿಮಾನ ಹೋಯ್ತಲ್ಲ’ ಎಂದಳು.

‘ಮೊದಲಿನಿಂದಲೂ ಚೆನ್ನಾಗಿತ್ತು. ಹುಡುಗ ಸರಿಯಾಗಿಯೇ ಕಳಿಸಿದ್ದ. ನಾನು ನಂಬಲಿಲ್ಲ.’

ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

‘ನಾಲ್ಕನೇ ತಾರೀಖು?’

‘ಚೆನ್ನಾಗಿತ್ತು.’

‘ಮೂರು?’

‘ಮೂರೂ.’

ಅವಳು ಬಟ್ಟೆಗೆ ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು, ‘ನಾನು ಕಿಟಕಿ ಹತ್ರ ಬಂದು ನಿಂತಿದ್ನಲ್ಲ, ಆಗ?’

‘ಆಗಲೂ’ ಎಂದೆ.

ಕಪಿತೋಲಿನಾ